ಅಕ್ಕಿಕಾಳಿನಷ್ಟು ಬಣ್ಣ

ಮೂವತ್ತು ಗುಂಡಿನಲ್ಲಿ ಹದಿನಾರು.

ಸಾಹೇಬರು ಗುರಿಹಾಳೆಯನ್ನು ಕ್ಲಿಪ್ಪಿನಿಂದ ಬಿಡಿಸಿ ಬೆಳಕಿಗೆ ಹಿಡಿದರು. ಒಂದೊಂದು ತೂತಿನ ಮೇಲೂ ಪೆನ್ನಿನ ತುದಿ ಇಟ್ಟು ಎರಡು ಸಲ ಎಣಿಸಿದರು. ಎರಡನೇ ಸಲವೂ ಹದಿನಾರೇ. ಪಾಸಾಗಬೇಕಾದರೆ ಇಪ್ಪತ್ತೊಂದು ಗುಂಡು ಕಪ್ಪು ವೃತ್ತದೊಳಗೆ ಬಿದ್ದಿರಬೇಕು.

“ಏನಮ್ಮಾ ಇದು? ಇಷ್ಟು ವರ್ಷದಲ್ಲಿ ನೀವು ಇಪ್ಪತ್ತೈದಕ್ಕಿಂತ ಕೆಳಗೆ ಇಳಿದವರೇ ಅಲ್ಲ.”

“ನಿದ್ದೆ ಸರಿಯಾಗಿರ್ಲಿಲ್ಲ ಸಾರ್,” ಅಂದಳು ಗನ್ನಕ್ಕ. ಸುಳ್ಳು ಹೇಳಿ ಅವಳಿಗೆ ರೂಢಿಯಿರಲಿಲ್ಲ.

“ಒಂಬತ್ತು ದಿನ ಬಿಟ್ಟು ಇನ್ನೊಂದು ಅವಕಾಶ ಇದೆ. ಆಗಲೂ ಹೀಗೇ ಆದ್ರೆ ಪಿಸ್ತೂಲು ಒಪ್ಪಿಸಿ ಗೇಟು ಕಾಯೋಕೆ ಬರ್ಬೇಕಾಗುತ್ತೆ. ನಿಯಮ ನಾನು ಮಾಡಿದ್ದಲ್ಲ.”

ಹಿಂದಿನ ಬೆಂಚಿನಲ್ಲಿ ಸರದಿಗೆ ಕಾಯುತ್ತಿದ್ದ, ಎಲ್ಲರೂ ಮೀಸೆ ಎಂದೇ ಕರೆಯುವ ಜೊತೆಗಾರ ಸುಮ್ಮನಿರಲಿಲ್ಲ. “ಏನ್ ಗನ್ನಕ್ಕಾ, ಅರ್ಧ ಗುಂಡುಗಳು ಇವತ್ತು ರಜಾ ಹಾಕಿದ್ವಾ?” ಅಂದ. ನಾಲ್ಕಾರು ಜನ ನಕ್ಕರು. ಅವಳೂ ನಕ್ಕಂತೆ ಮಾಡಿ ಕಿವಿಯ ಮುಚ್ಚಳ ತೆಗೆದು ಗೂಟಕ್ಕೆ ನೇತುಹಾಕಿದಳು.

ಅವಳು ಬ್ಯಾಂಕಿನ ಪೆಟ್ಟಿಗೆ ಸಾಗಿಸುವ ವ್ಯಾನಿನ ಕಾವಲುಗಾರ್ತಿ. ವಯಸ್ಸು ನಲವತ್ತೆಂಟು. ಮೊದಲು ಬಟ್ಟೆ ಅಂಗಡಿಯೊಂದರ ಬಾಗಿಲಲ್ಲಿ ನಿಂತು ಹೆಂಗಸರ ಚೀಲ ತಪಾಸಣೆ ಮಾಡುತ್ತಿದ್ದಳು. ಕಾವಲು ಕಂಪನಿಯವರು ಹೆಂಗಸರನ್ನೂ ತಗೊಳ್ಳುತ್ತೇವೆ ಅಂದಾಗ ಅರ್ಜಿ ಹಾಕಿದವರು ಇಬ್ಬರೇ. ಇನ್ನೊಬ್ಬಳು ಮೊದಲ ಗುಂಡಿನ ಸದ್ದಿಗೇ ಮನೆ ದಾರಿ ಹಿಡಿದಳು. ಇವಳು ಅವತ್ತೇ ಮೂವತ್ತಕ್ಕೆ ಇಪ್ಪತ್ತೇಳು ಹೊಡೆದಳು. ಅಂದು ಅಂಟಿದ ಹೆಸರು ಗನ್ನಕ್ಕ, ಇವತ್ತಿಗೆ ಹತ್ತೊಂಬತ್ತು ವರ್ಷ. ಕೂದಲನ್ನು ಬಿಗಿದು ಕಟ್ಟುತ್ತಾಳೆ, ಬೂಟಿಗೆ ತಾನೇ ಪಾಲಿಶ್ ಹಾಕುತ್ತಾಳೆ, ವ್ಯಾನಿನಿಂದ ಇಳಿದರೆ ಪರಿಚಯದವರು ಸಿಕ್ಕರೂ ಮಾತಾಡುವುದಿಲ್ಲ. ಮನೆಯಲ್ಲಿ ಬಾಯಿ ಬಿಟ್ಟರೆ ನಿಲ್ಲಿಸುವವರಿಲ್ಲ ಎನ್ನುವುದು ಬೇರೆ ಮಾತು.

ಗುರಿ ತಪ್ಪಿದ್ದು ಏಕೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಪಿಸ್ತೂಲಿನ ತುದಿಯಲ್ಲಿ ಅಕ್ಕಿಕಾಳಿನಷ್ಟು ಕಬ್ಬಿಣದ ಮೋಟು ನಿಂತಿರುತ್ತದೆ. ಅದು ಮುಂದಿನ ಸೈಟು. ಕಣ್ಣಿನ ಕಡೆಯ ಕೊನೆಯಲ್ಲಿ, ಮುಂದಿನ ಹಲ್ಲು ಬಿದ್ದ ಬಾಯಿಯ ಹಾಗೆ ನಡುವೆ ಸಂದು ಇರುವ ತುಂಡು ಹಿಂದಿನ ಸೈಟು. ಆ ಸಂದಿನಲ್ಲಿ ಮುಂದಿನ ಮೋಟು ಸಮನಾಗಿ ಕೂತರೆ ಗುಂಡು ಹೇಳಿದ ಮಾತು ಕೇಳುತ್ತದೆ. “ನಮ್ಮ ಜನ್ಮಕ್ಕೆ ಸಿಗೋದು ಇವೆರಡೇ ಸೈಟು, ಇವನ್ನಾದ್ರೂ ನೆಟ್ಟಗೆ ನೋಡ್ಕೊಳ್ಳಿ,” ಅಂತ ಹಳಬರು ಹೊಸಬರಿಗೆ ಹೇಳುವುದುಂಟು. ಈಚೆಗೆ ಒಂದು ವರ್ಷದಿಂದ ಗನ್ನಕ್ಕನ ಕಣ್ಣಿಗೆ ಆ ಮುಂದಿನ ಸೈಟು ಕರಗುತ್ತ ಬಂದಿತ್ತು. ದೂರದ ಹಾಳೆ ಗಾಜಿನಷ್ಟು ಸ್ಪಷ್ಟ, ಕೈಯ ತುದಿಯಲ್ಲಿರುವುದು ಮಾತ್ರ ಮಸಿ ಒರೆಸಿದ ಹಾಗೆ. ಗುರಿಯೂ ಕಪ್ಪು, ಸೈಟೂ ಕಪ್ಪು, ಒಳಾಂಗಣದ ಮಂದ ಬೆಳಕು. ಕಪ್ಪಿನೊಳಗೆ ಕಪ್ಪನ್ನು ಹುಡುಕುವುದು ಹೇಗೆ?

ಆದರೆ ಅವಳ ಎದೆಯಲ್ಲಿ ಕೂತಿದ್ದ ಕಲ್ಲು ಹದಿನಾರರದ್ದಲ್ಲ. ಮೂರು ತಿಂಗಳ ಹಿಂದಿನದು.

ಅವತ್ತು ಬೆಳಗ್ಗೆ ಬ್ಯಾಂಕಿನ ಹಿಂಬದಿಯ ಓಣಿಯಲ್ಲಿ ಪೆಟ್ಟಿಗೆ ಇಳಿಸುತ್ತಿದ್ದರು. ನಿಲ್ಲಿಸಿದ್ದ ಸ್ಕೂಟರುಗಳ ನಡುವಿನಿಂದ ಒಬ್ಬ ವ್ಯಾನಿನ ಕಡೆಗೆ ಓಡಿ ಬಂದ. ಕೈಯಲ್ಲಿ ಏನೋ ಕರ್ರಗಿನ ವಸ್ತು. “ನಿಲ್ಲು!” ಅಂತ ಕೂಗಿ ಅವಳು ಪಿಸ್ತೂಲು ಎತ್ತಿದಳು. ಅವನು ನಿಲ್ಲಲಿಲ್ಲ. ಅವನ ಮುಖ ಕಂಡಿತು, ಅಂಗಿಯ ಗುಂಡಿ ಕಂಡಿತು, ಅವನ ಬೆನ್ನ ಹಿಂದೆ ಸಮವಸ್ತ್ರ ತೊಟ್ಟು ನಿಂತಿದ್ದ ಇಬ್ಬರು ಪುಟ್ಟ ಹುಡುಗಿಯರೂ ಕಂಡರು. ಸೈಟು ಮಾತ್ರ ಕಾಣಲಿಲ್ಲ. ಬೆರಳು ಟ್ರಿಗರಿನ ಮೇಲಿತ್ತು, ಅರ್ಧ ಒತ್ತಿಯೂ ಆಗಿತ್ತು. ಅಷ್ಟರಲ್ಲಿ ಅವನು ಆ ವಸ್ತುವನ್ನು ಮೇಲೆತ್ತಿ, “ನಿಮ್ಮ ವಾಕಿಟಾಕಿ! ಆ ತಿರುವಲ್ಲಿ ಬಿತ್ತು!” ಅಂತ ಅರಚಿದ.

ಡ್ರೈವರಣ್ಣ ಡಿಪೋದಲ್ಲಿ ಎಲ್ಲರೆದುರು ಹೊಗಳಿದ್ದೇ ಹೊಗಳಿದ್ದು. “ಹುಲಿ ಕಣ್ರೀ ನಮ್ಮ ಗನ್ನಕ್ಕ! ಕಣ್ಣು ಮುಚ್ಚಿ ಬಿಡೋದ್ರಲ್ಲಿ ಗನ್ನು ಆಚೆ ಬಂದಿತ್ತು!” ಹುಲಿ ಅವತ್ತು ಊಟದ ಡಬ್ಬಿ ತೆರೆಯದೆ ಹಾಗೇ ಮನೆಗೆ ಒಯ್ದಿತು. ಒತ್ತಿದ್ದರೆ ಗುಂಡು ಯಾರನ್ನು ಹುಡುಕಿಕೊಂಡು ಹೋಗುತ್ತಿತ್ತೋ ಅವಳಿಗೇ ಗೊತ್ತಿರಲಿಲ್ಲ. ಇದನ್ನು ಗಂಡನಿಗೂ ಹೇಳಿರಲಿಲ್ಲ.

ಗಂಡ ದರ್ಜಿ. ಮನೆಯ ಒಳಕೋಣೆಯಲ್ಲಿ ಅವನ ಹೊಲಿಗೆ ಯಂತ್ರ, ಬೀದಿ ಕಡೆಯ ಕೋಣೆಯಲ್ಲಿ ಅವನ ತಂಗಿಯ ಬ್ಯೂಟಿ ಪಾರ್ಲರು. ಪರೀಕ್ಷೆ ತಪ್ಪಿದ ಮೂರನೇ ದಿನ ಸಂಜೆ ಗನ್ನಕ್ಕ ಪಾರ್ಲರಿನ ಬಾಗಿಲಿಗೆ ಒರಗಿ ನಿಂತಿದ್ದಳು. ನಾದಿನಿ ಗಿರಾಕಿಯೊಬ್ಬಳ ಉಗುರಿಗೆ ಕಿತ್ತಳೆ ಬಣ್ಣ ಹಚ್ಚುತ್ತಿದ್ದಳು. ಗಿರಾಕಿ ಎದ್ದು, ರಸ್ತೆ ದಾಟಿ, ಆ ಬದಿಯಿಂದ ಕೈ ಬೀಸಿದಳು. ಮುಸ್ಸಂಜೆಯಲ್ಲಿ ಅವಳ ಬೆರಳು ಕಾಣದಿದ್ದರೂ ಐದು ಉಗುರು ಕೆಂಡದ ಹಾಗೆ ಕಂಡವು.

ಗನ್ನಕ್ಕ ಸೀಸೆಯನ್ನು ಕೈಗೆತ್ತಿಕೊಂಡಳು. “ಇದನ್ನ ಎರಡು ದಿನಕ್ಕೆ ಕೊಡ್ತೀಯಾ?”

ನಾದಿನಿ ಹುಬ್ಬು ಹಾರಿಸಿದಳು. “ಅತ್ತಿಗೆ! ಮದುವೆ ದಿನ ಹಚ್ಚೋಕೆ ಹೋದ್ರೆ ಕೈ ಕೊಡವಿದೋರು ನೀವು. ಈಗ ಯಾರಿಗೋಸ್ಕರ? ಅಣ್ಣಂಗೆ ಹೇಳ್ಲಾ?”

“ಹೇಳು. ಬ್ಲೌಸ್ ಹೊಲಿಸ್ಕೊಳ್ಳೋಕೆ ಬರೋ ಹೆಂಗಸರನ್ನ ಬಿಟ್ಟು ನಿಮ್ಮಣ್ಣ ನನ್ನ ಕೈ ನೋಡಿ ಎಷ್ಟು ದಿನ ಆಯ್ತೋ.”

ಒಳಗಿನಿಂದ ಹೊಲಿಗೆ ಯಂತ್ರ ಒಂದು ಕ್ಷಣ ನಿಂತು ಮತ್ತೆ ಓಡಿತು. ನಾದಿನಿ ಬಾಯಿ ಮುಚ್ಚಿಕೊಂಡು ನಕ್ಕಳು.

ಮಾರನೇ ದಿನ ಡಿಪೋದ ಆಯುಧದ ಕೋಣೆಯಿಂದ ಪಿಸ್ತೂಲು ಪಡೆದವಳೇ ಗನ್ನಕ್ಕ ಹೆಂಗಸರ ಕೋಣೆಗೆ ಹೋಗಿ ಚಿಲಕ ಹಾಕಿದಳು. ಗುಂಡು ಬಿಚ್ಚಿ ಜೇಬಿಗೆ ಹಾಕಿಕೊಂಡು, ನಳಿಕೆ ಖಾಲಿಯಿದೆಯೇ ಎಂದು ಕಿರುಬೆರಳಿಂದ ಮುಟ್ಟಿ ನೋಡಿದಳು. ಕಂಪನಿಯ ಆಯುಧವನ್ನು ಹೇಳದೆ ಕೇಳದೆ ಮುಟ್ಟಿದರೆ ಕೆಲಸವೇ ಹೋಗುತ್ತದೆ ಅಂತ ಗೊತ್ತಿತ್ತು. ಹೊರಗೆ ಯಾರದೋ ಬೂಟಿನ ಸದ್ದು ಬಂದು ಬಾಗಿಲ ಮುಂದೆ ನಿಂತಿತು. ಅವಳು ಗಡಿಬಿಡಿಯಲ್ಲಿ ಕುಂಚವನ್ನು ಸೈಟಿಗೆ ಒತ್ತಿದಳು. ಬಣ್ಣ ಮೋಟಿನ ಮುಖಕ್ಕೂ ನೆತ್ತಿಗೂ ದಪ್ಪಗೆ ಮೆತ್ತಿತು. ಬೂಟು ಮುಂದೆ ಹೋಯಿತು. ಪಿಸ್ತೂಲನ್ನು ನೀಟಾಗಿ ಹಿಡಿದು ನೋಡಿದರೆ, ಒಂದು ವರ್ಷದ ಮೇಲೆ ಮೊದಲ ಸಲ ಮುಂದೆ ಏನೋ ಇದೆ ಎಂದು ಕಣ್ಣಿಗೆ ತಿಳಿಯಿತು. ಅವಳಿಗೆ ಅಳು ಬಂತು.

ಅವತ್ತೇ ಮಧ್ಯಾಹ್ನ ಅಭ್ಯಾಸಕ್ಕೆ ಹತ್ತು ಗುಂಡು ಸಿಕ್ಕಿದವು. ಕಿತ್ತಳೆ ಚುಕ್ಕೆ ಕಂಡಿತು, ಅವಳು ಖುಷಿಯಿಂದ ಹೊಡೆದಳು. ಹಾಳೆ ಹತ್ತಿರ ಬಂತು. ಹತ್ತಕ್ಕೆ ಹತ್ತೂ ವೃತ್ತದ ಕೆಳಗೆ, ಒಂದೇ ಕಡೆ, ಹಾಳೆಯ ಅಂಚಿನಲ್ಲಿ.

“ಗುಂಪು ಬಂಗಾರದಂಗಿದೆ, ಜಾಗ ಮಾತ್ರ ಪಕ್ಕದ ಊರಿಂದು,” ಅಂತ ಹಿಂದಿನಿಂದ ದನಿ ಬಂತು. ಎಣ್ಣೆ ಮಾಮ.

ಗುಂಡಿನ ಅಭ್ಯಾಸ ನಡೆಯುವ ಆ ರೇಂಜಿನ ಆಯುಧಗಳನ್ನು ಬಿಚ್ಚಿ ತೊಳೆದು ಜೋಡಿಸುವ ಮುದುಕ ಅವನು. ಮೂರು ಹೊತ್ತೂ ಕೈ ಎಣ್ಣೆಯಲ್ಲಿ ಇರುವುದರಿಂದ ಆ ಹೆಸರು. ಹೊಸಬರು ಬೇರೆ ಎಣ್ಣೆ ಅಂದುಕೊಂಡು ದೂರ ನಿಲ್ಲುತ್ತಿದ್ದರು. ಪಾಪ, ಚಹಾ ಕೂಡ ಕುಡಿಯದ ಮನುಷ್ಯ. ಅವನು ಪಿಸ್ತೂಲು ಕೇಳಿದ. ಕೊಡದೆ ಬೇರೆ ದಾರಿ ಇರಲಿಲ್ಲ. ಒಂದೇ ನೋಟ ನೋಡಿ ಕೋಣೆಗೆ ಬಾ ಅಂತ ಕತ್ತು ಅಲ್ಲಾಡಿಸಿದ. ಒಳಗೆ ಹೋದ ಮೇಲೆ ಬಾಗಿಲು ಹಾಕಿದ.

“ಯಾರು ಈ ಮದುಮಗಳ ಸಿಂಗಾರ ಮಾಡಿದ್ದು?”

“ನಾನೇ ಮಾಮ.”

“ರಿಜಿಸ್ಟರಲ್ಲಿ ಬರೆದಿದ್ದೀಯಾ?”

“ಇಲ್ಲ.”

ಎಣ್ಣೆ ಮಾಮ ಸ್ಟೂಲಿನ ಮೇಲೆ ಕೂತು ಪಿಸ್ತೂಲನ್ನು ಖಾಲಿ ಮಾಡಿದ. “ಸೈಟಿನ ನೆತ್ತಿ ಮೇಲೆ ಬಣ್ಣ ಕೂತ್ರೆ ಸೈಟು ಎತ್ತರ ಆಗುತ್ತೆ. ಅದನ್ನ ಸಂದಿಗೆ ಸಮ ಮಾಡೋಕೆ ನೀನು ಗನ್ನಿನ ಮೂತಿ ಬಗ್ಗಿಸ್ತೀಯ. ಗುಂಡು ನೆಲ ನೋಡುತ್ತೆ. ಇಷ್ಟು ವರ್ಷ ಹೊಡೆದೋಳಿಗೆ ಇದು ಗೊತ್ತಿಲ್ವಾ?” ಅಂದ. ಅವನು ಪಿಸ್ತೂಲನ್ನು ಅವಳ ಕೈಗೇ ಕೊಟ್ಟು ಗೋಡೆ ಕಡೆ ತಿರುಗಿಸಿದ. “ಹಿಡಿ. ಸೈಟಿನ ಅಂಚು ಕಾಣ್ತಿದೆಯಾ, ಬರೀ ಬಣ್ಣ ಕಾಣ್ತಿದೆಯಾ?”

“ಅಂಚು ಕಾಣ್ತಿದೆ.”

“ಸುಳ್ಳು ಹೇಳ್ಬೇಡ.”

ಗನ್ನಕ್ಕ ಕೈ ಇಳಿಸಿದಳು. ಎಲ್ಲ ಹೇಳಿದಳು. ಕರಗುವ ಸೈಟು, ಓಣಿ, ವಾಕಿಟಾಕಿ, ಆ ಇಬ್ಬರು ಹುಡುಗಿಯರು. ಹೇಳುವಾಗ ಒಂದು ಸಲವೂ ಅವನ ಮುಖ ನೋಡಲಿಲ್ಲ. ಹೇಳಿ ಮುಗಿದ ಮೇಲೆ ಮುದುಕ ಡ್ರಾಯರಿನಿಂದ ದಪ್ಪನೆಯ ರಿಜಿಸ್ಟರು ತೆಗೆದು, ಅವಳ ಪಿಸ್ತೂಲಿನ ಸಂಖ್ಯೆ ಬರೆದು, ಪಕ್ಕದಲ್ಲಿ ‘ಸೈಟಿಗೆ ಬಣ್ಣ’ ಅಂತ ಬರೆದ. ಕಾರಣ ಎನ್ನುವ ಅಂಕಣ ಖಾಲಿ ಬಿಟ್ಟು ರಿಜಿಸ್ಟರನ್ನು ಅವಳ ಕಡೆ ತಳ್ಳಿದ.

“ಬಣ್ಣ ನಾನು ಹಚ್ಕೊಡ್ತೀನಿ. ಕಾರಣ ನೀನು ಬರಿ. ಸಾಯಂಕಾಲ ಸಾಹೇಬ್ರು ಇದಕ್ಕೆ ಸಹಿ ಹಾಕ್ತಾರೆ.”

“ಬರೆದ್ರೆ ನನ್ನ ಪರೀಕ್ಷೆಗೇ ಬಿಡಲ್ಲ ಮಾಮ.”

“ಬಿಡದೇ ಇರಬಹುದು.”

“ಬೆಳಕು ಸಾಲಲ್ಲ ಅಂತ ಬರೀಲಾ?”

“ಅದೂ ನಿಜಾನೇ. ನಿನ್ನ ಇಷ್ಟ.” ಅವನು ಬೆನ್ನು ತಿರುಗಿಸಿ ಕೆಲಸಕ್ಕೆ ಕೂತ.

ಮೊದಲು ಉಗುರುಬಣ್ಣವನ್ನು ಪೂರ್ತಿ ಕೆರೆದು, ಹತ್ತಿ ಸುತ್ತಿದ ಕಡ್ಡಿಯಲ್ಲಿ ಸ್ಪಿರಿಟ್ ಹಚ್ಚಿ ಎಣ್ಣೆಯ ಪಸೆ ತೆಗೆದ. “ಪಸೆ ಇದ್ರೆ ಬಣ್ಣ ನಿಲ್ಲಲ್ಲ,” ಅಂತ ತನಗೇ ಹೇಳಿಕೊಂಡ. ಹಲ್ಲುಕಡ್ಡಿಯ ತುದಿಯಲ್ಲಿ ಬಿಳಿ ಬಣ್ಣ ತೆಗೆದುಕೊಂಡು ಸೈಟಿನ ಮುಖಕ್ಕೆ ಮಾತ್ರ ತೆಳ್ಳಗೆ ಸವರಿದ, ನೆತ್ತಿಗೆ ತಾಗಿಸಲಿಲ್ಲ. ಒಣಗಿದ ಮೇಲೆ ಇನ್ನೊಂದು ಸಲ ಬಿಳಿ. ಅದರ ಮೇಲೆ ಹೊಳಪಿಲ್ಲದ ಕಿತ್ತಳೆ. ಹಿಂದಿನ ಸೈಟಿನ ಮೇಲೆ ಎರಡು ಹಳೆಯ ಬಿಳಿ ಚುಕ್ಕೆಗಳಿದ್ದವು, ಅವನ್ನು ಕಪ್ಪು ಬಣ್ಣದಿಂದ ಮುಚ್ಚಿಬಿಟ್ಟ. ಕಣ್ಣಿಗೆ ಎದ್ದು ಕಾಣುವುದು ಒಂದೇ ಇರಲಿ ಅಂತ.

ಅಷ್ಟು ಹೊತ್ತೂ ಗನ್ನಕ್ಕ ಪೆನ್ನು ಹಿಡಿದು ನಿಂತಿದ್ದಳು. ಕೊನೆಗೆ ಬರೆದಳು: ‘ಹತ್ತಿರದ್ದು ಸರಿಯಾಗಿ ಕಾಣುವುದಿಲ್ಲ. ಒಂದು ವರ್ಷದಿಂದ.’ ಸಹಿ ಹಾಕುವಾಗ ಕಾಗದ ಹರಿಯುವಷ್ಟು ಪೆನ್ನು ಒತ್ತಿತ್ತು.

ಸಾಯಂಕಾಲ ಸಾಹೇಬರು ಕರೆಸಿದರು. ರಿಜಿಸ್ಟರು ಮೇಜಿನ ಮೇಲೆ ತೆರೆದಿತ್ತು. ಕೂತುಕೊಳ್ಳಿ ಅನ್ನಲಿಲ್ಲ. “ಒಂದು ವರ್ಷ ಗನ್ನು ಹಿಡಿದು ಬೀದೀಲಿ ನಿಂತಿದ್ರಿ. ಏನಾದ್ರೂ ಆಗಿತ್ತಾ?”

ಆಗಿಲ್ಲ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನಿಜಕ್ಕೂ ಏನೂ ಆಗಿರಲಿಲ್ಲವಲ್ಲ! ಆ ಮಾತು ನಾಲಗೆಯ ತುದಿವರೆಗೂ ಬಂತು. ಅವಳು ಅದನ್ನು ನುಂಗಿ ಓಣಿಯ ಸಂಗತಿ ಹೇಳಿದಳು.

ಸಾಹೇಬರ ಮುಖ ಕೆಂಪೇರಿತು. “ಡ್ರೈವರ್ ಹೇಳಿದ್ದಕ್ಕೆ ನಿಮಗೆ ಪ್ರಶಂಸೆ ಪತ್ರ ಕೊಟ್ಟಿದ್ದೀನಿ ನಾನು! ನನ್ನ ಕೈಯಾರೆ!” ಎಂದು ಮೇಜು ಗುದ್ದಿದರು. ಕಿಟಕಿಯ ಹತ್ತಿರ ಹೋಗಿ ನಿಂತು ತಿರುಗಿ ಬಂದರು. “ಇವತ್ತಿಂದ ವ್ಯಾನ್ ಹತ್ತೋ ಹಾಗಿಲ್ಲ. ಕಣ್ಣಿನ ಡಾಕ್ಟರ ಚೀಟಿ ತನ್ನಿ. ಪರೀಕ್ಷೆ ದಿನ ಬದಲಾಗಲ್ಲ. ಆವತ್ತು ಏನಾಗುತ್ತೋ ಅದೇ ಕೊನೆ.”

ಮನೆಗೆ ಬಂದು ಗಂಡನ ಎದುರು ಕೂತು ಎಲ್ಲವನ್ನೂ ಒಪ್ಪಿಸಿದಳು. ದರ್ಜಿ ಬೈಯಲಿಲ್ಲ. ಕೊರಳಲ್ಲಿದ್ದ ಅಳತೆಪಟ್ಟಿ ತೆಗೆದು, “ಗನ್ನು ಹಿಡಿಯೋ ಹಾಗೆ ಕೈ ಚಾಚು,” ಅಂದ. ಪಟ್ಟಿಯ ಒಂದು ತುದಿಯನ್ನು ಅವಳ ಕಣ್ಣಿನ ಪಕ್ಕ ಇಟ್ಟು, ಇನ್ನೊಂದನ್ನು ಅವಳ ಮುಷ್ಟಿಯ ಮುಂದಕ್ಕೆ ಎಳೆದು ಹಿಡಿದ. “ಇಪ್ಪತ್ತೆಂಟು ಅಂಗುಲ. ಡಾಕ್ಟರಿಗೆ ಓದೋಕೆ ಕನ್ನಡಕ ಬೇಕು ಅನ್ಬೇಡ. ಇಪ್ಪತ್ತೆಂಟು ಅಂಗುಲಕ್ಕೆ ಬೇಕು ಅನ್ನು. ನಾನು ಯಂತ್ರಕ್ಕೆ ಒಂದು, ಪೇಪರಿಗೆ ಒಂದು ಇಟ್ಕೊಂಡಿಲ್ವಾ?” ಚೀಟಿಯಲ್ಲಿ ಅಳತೆ ಬರೆದು, ಗಿರಾಕಿಗಳಿಗೆ ಕೊಡುವಂತೆ ಮಡಚಿ ಅವಳ ಕೈಗಿಟ್ಟ. “ಇಷ್ಟು ದಿನ ಯಾಕೆ ಹೇಳ್ಲಿಲ್ಲ?” ಅಂದದ್ದು ಅದಾದ ಮೇಲೆ.

ಡಾಕ್ಟರಮ್ಮ ಚೀಟಿ ಓದಿ ಮೊದಲು ನಕ್ಕಳು, ಆಮೇಲೆ ಒಂದು ಗಂಟೆ ಗಾಜು ಬದಲಿಸುತ್ತ ಕೂತಳು. ಸೈಟು ಸೂಜಿಯಷ್ಟು ಚೂಪಾಗಿ ಕಾಣುವ ಗಾಜು ಹಾಕಿದರೆ ದೂರದ ಮುಖ ಮಬ್ಬಾಗುತ್ತಿತ್ತು. “ಪರೀಕ್ಷೆಗೆ ಇದು ಸಾಕು, ಬೀದಿಗೆ ಆಗಲ್ಲ,” ಅಂದಳು. “ಬೀದಿಗೆ ಆಗೋದೇ ಕೊಡಿ. ಎರಡೂ ಕಡೆ ಅದನ್ನೇ ಹಾಕ್ತೀನಿ,” ಅಂದಳು ಗನ್ನಕ್ಕ. ಕೊನೆಗೆ ಸಿಕ್ಕಿದ್ದು ನಡುವಿನ ಒಂದು ಸಣ್ಣ ನಂಬರು. ಮುಖ ಸ್ಪಷ್ಟ, ಸೈಟು ಮುಕ್ಕಾಲು ಸ್ಪಷ್ಟ. ಉಳಿದ ಕಾಲು ಭಾಗವನ್ನು ಆ ಅಕ್ಕಿಕಾಳಿನಷ್ಟು ಬಣ್ಣವೇ ನೋಡಿಕೊಳ್ಳಬೇಕಿತ್ತು.

ಪರೀಕ್ಷೆಯ ದಿನ ಬೆಂಚಿನಲ್ಲಿ ಯಾರೂ ತಮಾಷೆ ಮಾಡಲಿಲ್ಲ. ಸುದ್ದಿ ಹಬ್ಬಿತ್ತು. ಹೊಸ ಕನ್ನಡಕ ಕಂಡು ಮೀಸೆ ಮುಖ ಬೇರೆ ಕಡೆ ತಿರುಗಿಸಿದ.

ಮೊದಲ ಹತ್ತು ಗುಂಡು ನಿಧಾನಕ್ಕೆ ಹೊಡೆಯುವುದು. ಕಿತ್ತಳೆ ಚುಕ್ಕೆ ಸಂದಿನ ನಡುವೆ ಬಂದು ಕೂರುತ್ತಿತ್ತು. ಒಂಬತ್ತು ಒಳಗೆ. ಎರಡನೇ ಹತ್ತು ಸಮಯಕ್ಕೆ ಕಟ್ಟುಬಿದ್ದು. ಸೀಟಿ ಊದುತ್ತಿದ್ದಂತೆ ಅವಳ ಉಸಿರು ಕೆಟ್ಟಿತು, ಕನ್ನಡಕದ ಮೇಲೆ ಆವಿ ಕಟ್ಟಿತು, ಬೆರಳು ಕಣ್ಣಿಗಿಂತ ಮುಂದೆ ಓಡಿತು. ಆರು. ಒಟ್ಟು ಹದಿನೈದು. ಸಾಹೇಬರು ಹಾಳೆಯನ್ನು ಪಕ್ಕಕ್ಕಿಟ್ಟು ಏನೂ ಹೇಳದೆ ಗೋಡೆಯ ಸ್ವಿಚ್ ಒತ್ತಿದರು. ಅರ್ಧ ದೀಪ ಆರಿದವು. ಕೊನೆಯ ಹತ್ತು ಮಂದ ಬೆಳಕಿನಲ್ಲಿ, ನಲವತ್ತು ಸೆಕೆಂಡಿನೊಳಗೆ.

ಸೀಟಿ ಬಿತ್ತು. ಪಿಸ್ತೂಲು ಎತ್ತಿದರೆ ಕಿತ್ತಳೆ ಎಲ್ಲಿ? ಬಣ್ಣ ಸತ್ತು ಬೂದಿಯಾಗಿತ್ತು. ಮೂರು ಸೆಕೆಂಡು, ನಾಲ್ಕು ಸೆಕೆಂಡು. ಹಿಂದೆ ಯಾರೋ ಕೆಮ್ಮಿದರು. ಅವಳು ಹೊಡೆಯದೆ ಕೈ ಇಳಿಸಿ, ಒಂದು ಉಸಿರು ತೆಗೆದು, ಮತ್ತೆ ಎತ್ತಿದಳು. ಈ ಸಲ ಕಂಡಿತು. ಕಿತ್ತಳೆಯಾಗಿ ಅಲ್ಲ, ಕೆಳಗಿನ ಬಿಳಿಯಿಂದಾಗಿ ಸುತ್ತಲಿನ ಕಪ್ಪಿಗಿಂತ ಒಂದು ಚೂರು ತಿಳಿಯಾಗಿ. ಅಷ್ಟು ಸಾಕಾಯಿತು. ಒತ್ತಿದಳು. ಕಂಡಾಗ ಒತ್ತಿದಳು, ಕಾಣದಾಗ ತಡೆದಳು. ಒಂಬತ್ತು ಗುಂಡು ಹೋದವು. ಹತ್ತನೆಯದಕ್ಕೆ ಕೈ ಸೋತು ಸೈಟು ಅಲೆಯತೊಡಗಿತು. ಬೆರಳು ಬಿಗಿಯಿತು. ಅವಳು ಬೆರಳನ್ನು ಹೊರಗೆ ತೆಗೆದಳು. ಕೊನೆಯ ಸೀಟಿ ಬಿತ್ತು.

ದೀಪ ಹತ್ತಿದವು. ಸಾಹೇಬರು ಎರಡು ಸಲ ಎಣಿಸಿದರು. “ಏಳು. ಒಟ್ಟು ಇಪ್ಪತ್ತೆರಡು.” ಆಮೇಲೆ ಪಿಸ್ತೂಲು ಬಿಚ್ಚಿ, ಒಳಗೆ ಉಳಿದಿದ್ದ ಗುಂಡನ್ನು ಅಂಗೈಯಲ್ಲಿಟ್ಟು ಕೇಳಿದರು. “ಇದನ್ನ ಯಾಕೆ ಉಳಿಸಿದ್ರಿ? ಒಂದೊಂದೂ ಮುಖ್ಯ ಆಗಿತ್ತಲ್ಲ?”

“ಸೈಟು ಕಾಣಲಿಲ್ಲ ಸಾರ್.”

ಅವರು ಅದನ್ನೂ ಹಾಳೆಯ ಮೇಲೆ ಬರೆದುಕೊಂಡರು.

ಗನ್ನಕ್ಕ ಮುಂದಿನ ವಾರ ವ್ಯಾನು ಹತ್ತಿದಳು. ಆದರೆ ಕಥೆ ಅಲ್ಲಿಗೆ ನಿಲ್ಲಲಿಲ್ಲ. ನಲವತ್ತು ದಾಟಿದವರೆಲ್ಲ ಕಣ್ಣು ತೋರಿಸಬೇಕು ಅಂತ ಸಾಹೇಬರು ಆಜ್ಞೆ ಹೊರಡಿಸಿದರು. ಹನ್ನೊಂದು ಜನರಲ್ಲಿ ಆರು ಜನಕ್ಕೆ ಸೈಟು ಮಬ್ಬು ಅಂತ ಬಯಲಾಯಿತು. ಎಲ್ಲರೂ ವರ್ಷಗಟ್ಟಲೆ ನೆನಪಿನ ಮೇಲೆ ಹೊಡೆಯುತ್ತಿದ್ದವರು. ಎಣ್ಣೆ ಮಾಮನ ಕಿಟಕಿಯ ಮುಂದೆ ಬಣ್ಣಕ್ಕೆ ಸಾಲು ನಿಂತಿತು. ಒಬ್ಬೊಬ್ಬರ ಕಣ್ಣಿಗೆ ಒಂದೊಂದು ಬಣ್ಣ ಒಪ್ಪುತ್ತಿತ್ತು, ಹಸಿರು ಕೆಲವರಿಗೆ, ಬರೀ ಬಿಳಿ ಕೆಲವರಿಗೆ. ಐದು ಜನ ಹಾಗೇ ದಾಟಿಕೊಂಡರು. ಮೀಸೆಯ ಕಣ್ಣಲ್ಲಿ ಪೊರೆ ಬೆಳೆದಿತ್ತು. ಬಣ್ಣವೂ ಸಾಲಲಿಲ್ಲ, ಗಾಜೂ ಸಾಲಲಿಲ್ಲ. ಆಪರೇಷನ್ನಿಗೆ ಹೆದರಿ ಅವನು ಮುಂದೂಡಿದ. ಎರಡು ಸಲ ಪರೀಕ್ಷೆ ತಪ್ಪಿ, ಪಿಸ್ತೂಲು ಒಪ್ಪಿಸಿ ಗೇಟಿಗೆ ಬಂದ.

ಗೇಟಿಗೆ ಬಂದ ಮೊದಲ ದಿನವೇ ವ್ಯಾನಿನ ಕಿಟಕಿಗೆ ಬಾಯಿ ಹಚ್ಚಿ ಹೇಳಿದ: “ನಿನ್ನ ಕಣ್ಣು ತೆರೆಸ್ಕೊಂಡೆ, ನನ್ನ ಕಣ್ಣಿಗೆ ಮಣ್ಣು ಹಾಕ್ದೆ. ಬರೆಯೋಕೆ ಯಾರು ಹೇಳಿದ್ರು ನಿಂಗೆ?”

ತಾನು ತಪ್ಪು ಮಾಡಲಿಲ್ಲ ಅಂತ ಅವಳಿಗೆ ಗೊತ್ತಿತ್ತು. ಗೊತ್ತಿದ್ದರೂ ಆ ದಿನವಿಡೀ ಮಾತು ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ಇಬ್ಬರೂ ಒಂದೇ ತಿಂಗಳಲ್ಲಿ ಕೆಲಸಕ್ಕೆ ಸೇರಿದವರು. ಅವಳು ಬಾಣಂತನ ಮುಗಿಸಿ ಬಂದಾಗ ಎರಡು ತಿಂಗಳು ಅವಳ ಬೆಳಗಿನ ಪಾಳಿಯನ್ನು ತನ್ನ ತಲೆಗೆ ಹಾಕಿಕೊಂಡವನು ಅವನೇ. ಮನೆಯಲ್ಲಿ ಹೇಳಿದಾಗ ಗಂಡ, “ಹೋಗಿ ಮಾತಾಡು,” ಅಂದ. ನಾದಿನಿ, “ಬಿಡಿ ಅತ್ತಿಗೆ, ಸಿಟ್ಟು ಇಳೀಲಿ,” ಅಂದಳು. ಅವಳು ಎರಡು ಸಲ ಗೇಟಿನ ಗೂಡಿನವರೆಗೆ ಹೋಗಿ, ಅವನ ಬೆನ್ನು ನೋಡಿ ವಾಪಸ್ ಬಂದಳು.

ಐದು ತಿಂಗಳು ಹಾಗೇ ಕಳೆಯಿತು. ಬೆಳಗ್ಗೆ ವ್ಯಾನು ಬಂದರೆ ಮೀಸೆ ಅಡ್ಡಪಟ್ಟಿ ಎತ್ತುತ್ತಾನೆ, ಎತ್ತ ಕಡೆಗೋ ನೋಡುತ್ತಾನೆ. ಗನ್ನಕ್ಕ ದಿನವೂ ಕೈ ಎತ್ತುತ್ತಾಳೆ, ಅವನು ಎತ್ತುವುದಿಲ್ಲ. ಒಂದು ಸೋಮವಾರ ಪಟ್ಟಿ ಎತ್ತಿದವನು ಅದನ್ನು ಇಳಿಸದೆ ವ್ಯಾನಿನ ಹಿಂದೆ ನಾಲ್ಕು ಹೆಜ್ಜೆ ಬಂದು ಲೋಹದ ಮೈಗೆ ಪಟಪಟ ಬಡಿದ. ಡ್ರೈವರಣ್ಣ ಬ್ರೇಕು ಹಾಕಿದ. ಮೀಸೆ ಅವಳ ಕಿಟಕಿಯ ಹತ್ತಿರ ಬಂದ. ಒಂದು ಕಣ್ಣಿನ ಮೇಲೆ ಆಪರೇಷನ್ ಆದವರಿಗೆ ಆಸ್ಪತ್ರೆಯಲ್ಲಿ ಕಟ್ಟುವ ಹಸಿರು ಪಟ್ಟಿ ಇತ್ತು.

“ಹಿಂದಿನ ಬಲಗಡೆ ದೀಪ ಉರೀತಿಲ್ಲ,” ಅಂದ. “ಇಳಿದು ನೋಡು.”

ಗನ್ನಕ್ಕ ಬಾಗಿಲು ತೆರೆದು ಇಳಿದಳು.